ಮೂರು ಸಲ ಹುಟ್ಟಿದ ಗಿರಣಿ

ಇಂದು ಬೆಳಿಗ್ಗೆ ಅಂಗಳ ಗುಡಿಸಿದೆ. ನಳ ಬಂದಿತ್ತು, ಹಂಡೆ, ಕೊಡ, ಸಿಕ್ಕ ಚೆಂಬು ಎಲ್ಲವನ್ನೂ ತುಂಬಿಸಿದೆ. ತೊಗರಿಬೇಳೆ ಬಿಸಿಲಿಗೆ ಹಾಕಿ, ಮಂಗ ಬಾರದಂತೆ ಕೋಲು ಹಿಡಿದು ಕಾವಲು ಕುಳಿತೆ. ಮನೆಯವರ ಅಂಗಿಗೆ ಗುಂಡಿ ಹಚ್ಚಿದೆ. ಆಮೇಲೆ ಸೀರೆ ಬದಲಿಸಿ ಕಾಕಾನ ಜೊತೆ ನಗರಸಭೆಗೆ ಹೋಗಿ ಬಂದೆ. ಇದರಲ್ಲಿ ಯಾವುದಕ್ಕೆ ಸೊಂಟ ಹಿಡಿಯಿತು ಅನ್ನುತ್ತೀರಿ? ಕೊನೆಯದಕ್ಕೆ!

ಕಾಕಾ ಎಂದರೆ ನಮ್ಮ ಮನೆಯವರ ಕಾಕಾ. ಶಹಾಪುರದ ನಮ್ಮ ಓಣಿಯಲ್ಲಿ ನಮ್ಮ ಪಕ್ಕದ್ದೇ ಅವರ ಮನೆ, ಅದಕ್ಕೆ ಹೊಂದಿಕೊಂಡು ಅವರ ಹಿಟ್ಟಿನ ಗಿರಣಿ. ಅದರ ಸದ್ದಿನಲ್ಲೇ ಆಯುಷ್ಯ ಕಳೆದು ಅವರಿಗೆ ಕಿವಿ ಮಂದ. ಹಾಗಾಗಿ ಸಭೆಗಳಿಗೆ ಅವರ ಕಿವಿಯಾಗಿ ಹೋಗುವವಳು ನಾನು. ಲೋಕದ ಗಿರಣಿಗಳೆಲ್ಲ ಒಂದು ಸಲ ಹುಟ್ಟುತ್ತವೆ. ನಮ್ಮ ಕಾಕಾನದು ಮೂರು ಸಲ ಹುಟ್ಟಿದೆ! ಹಡೆಯುವವರು ಕಾಕಾ, ಬಾಣಂತನ ಮಾತ್ರ ನನ್ನದು.

'ಹೊಸ ಉದ್ಯಮಕ್ಕೆ ತೆರಿಗೆ ರಿಯಾಯಿತಿ' ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕಾಕಾ ಹಳೆಯ ಗಿರಣಿಗೆ ಸುಣ್ಣ ಬಳಿಸಿ, ಬೋರ್ಡು ಬದಲಿಸಿ, ತೆಂಗಿನಕಾಯಿ ಒಡೆದು ಉದ್ಘಾಟನೆ ಮಾಡಿಬಿಡುತ್ತಾರೆ. ಬಂದವರಿಗೆಲ್ಲ ಮಂಡಕ್ಕಿಯ ಸೂಸಲಾ, ಚಹಾ ಮಾಡಬೇಕಾದವಳು ಯಾರು? ನಾನೇ. ಹೀಗೆ ಅದು ಎರಡನೆಯ ಸಲ ಹುಟ್ಟಿದ್ದು ಖಾರ ಕುಟ್ಟುವ ಯಂತ್ರದೊಂದಿಗೆ. ಅಂದು ಓಣಿಗೆ ಓಣಿಯೇ ಸೀನಿತು. ತೆರಿಗೆಯ ಸಾಹೇಬರೂ ಸೀನುತ್ತಲೇ ಬಂದರು.

"ಕಾಕಾ, ಕಟ್ಟಡ ಹಳೇದೇ ಅದಲ್ರಿ?"

"ಕಟ್ಟಡ ಹಿಟ್ಟು ಬೀಸ್ತದೇನ್ರಿ ಸಾಹೇಬ್ರ?"

"ಬೀಸಂಗಿಲ್ರಿ. ಆದ್ರ ತೆರಿಗಿ ಇರೋದು ಕಟ್ಟಡಕ್ಕ!"

ಮೂರನೆಯ ಸಲ ಹುಟ್ಟಿದ್ದು, ಹೆಣ್ಣುಮಕ್ಕಳ ಉದ್ಯಮಕ್ಕೆ ರಿಯಾಯಿತಿ ಉಂಟು ಎಂದು ತಿಳಿದಾಗ. ಬೋರ್ಡಿನ ಮೇಲೆ ಕಾಕಾನ ಹೆಂಡತಿ, ನಮ್ಮ ಚಿಗವ್ವನ ಹೆಸರು ಬಂತು. ಚಿಗವ್ವ ಹಾರ ಹಾಕಿಸಿಕೊಂಡು, ಎಲ್ಲರೆದುರು ಕೈ ಚಾಚಿದರು. "ಹಂಗಾರ ಗಲ್ಲಾದ ಕೀಲಿ ತರ್ರಿ ಇಲ್ಲೆ." ದೀಪ ಹಚ್ಚುವ ಹೊತ್ತಿಗೆ ಬೋರ್ಡು ಕೆಳಗಿಳಿದಿತ್ತು!

ಈ ವರ್ಷ ಬಂದದ್ದು ಸಣ್ಣ ರಿಯಾಯಿತಿಯಲ್ಲ, ಇಡೀ ಜಿಲ್ಲೆಯ ಬೆಳವಣಿಗೆಯ ಯೋಜನೆ. ಯಾದಗಿರಿಯಲ್ಲಿ ಜನರ ಸಲಹೆ ಕೇಳುವ ಸಭೆಗೆ ಬಸ್ಸಿನಲ್ಲಿ ನಿಂತೇ ಹೋದೆವು. ಗೋಡೆಯ ಮೇಲೆ ದೊಡ್ಡ ನಕ್ಷೆ. ಸೈದಾಪುರದ ಕಡೆಗೆ ಕಾರ್ಖಾನೆಗಳ ಒಂದು ಬಣ್ಣ, ಸುರಪುರದ ಹೊಲಗಳಿಗೆ ಇನ್ನೊಂದು. ಕಾಕಾ ಎದ್ದು ನಿಂತರು.

"ಸಾಹೇಬ್ರ, ಇದ್ರಾಗ ನಮ್ಮ ಗಿರಣಿ ಎಲ್ಲದರಿ?"

ನಕ್ಷೆ ತೋರಿಸುತ್ತಿದ್ದ ಅಧಿಕಾರಿ ನಕ್ಕರು. "ಯಜಮಾನರೇ, ಅಷ್ಟು ಸಣ್ಣದು ಇದರಲ್ಲಿ ಕಾಣುವುದಿಲ್ಲ."

ನಾನು ಅದನ್ನು ಕಾಕಾನ ಕಿವಿಯಲ್ಲಿ ಕೂಗಿದೆ. ಅವರು ನಕ್ಷೆಯನ್ನೇ ದಿಟ್ಟಿಸಿ ಕೇಳಿದರು: "ನಕ್ಷಾಕ್ಕ ಕಾಣದ್ದು ತೆರಿಗಿಗೆ ಹೆಂಗ ಕಾಣ್ತದ್ರಿ?"

ಸಭೆ ನಕ್ಕಿತು, ಆದರೆ ನಕ್ಷೆ ಬದಲಾಗಲಿಲ್ಲ. ನಮ್ಮ ಓಣಿಗೆ ವಸತಿಯ ಬಣ್ಣ ಬಿತ್ತು. ಗಿರಣಿಯನ್ನು ಊರ ಹೊರಗಿನ ಹೊಸ ಜಾಗಕ್ಕೆ ಒಯ್ದವರಿಗೆ ಐದು ವರ್ಷ ತೆರಿಗೆ ಮಾಫಿ. ಓಣಿಯಲ್ಲೇ ಉಳಿದವರಿಗೆ ಪೂರ್ತಿ ತೆರಿಗೆ, ಮುಂದೆ ಯಾವ ರಿಯಾಯಿತಿಯೂ ಇಲ್ಲ. ಮಾಫಿ ಎಂದ ಕೂಡಲೇ ಕಾಕಾನೂ ಅರ್ಜಿ ಹಾಕಿದ್ದರು. ಜಾಗ ಕಡಿಮೆ, ಕೇಳಿದವರು ಹೆಚ್ಚು. ಆದ್ದರಿಂದ ಇಂದು ನಗರಸಭೆಯಲ್ಲಿ ಚೀಟಿ ಎತ್ತಿದರು.

ಮೊದಲ ಚೀಟಿಯೇ ಕಾಕಾನದು! ನಾನು ಖುಷಿಯಿಂದ ಕಿವಿಯಲ್ಲಿ ಕೂಗಿದೆ. ಅವರು ಎದ್ದು ಕೈ ಮುಗಿದರು. "ಬ್ಯಾಡ್ರಿ. ಮುಂದಿನವ್ರಿಗಿ ಕೊಡ್ರಿ."

ಅಂದು ಸೀನಿದ್ದ ಸಾಹೇಬರು ತಲೆಯ ಮೇಲೆ ಕೈ ಹೊತ್ತರು. "ಇಷ್ಟು ವರ್ಷ ಇದಕ್ಕಾಗೇ ಅಲ್ಲೇನ್ರಿ ಕಾಕಾ, ನೀವು ನಮ್ಮ ಜೀವಾ ತಿಂದಿದ್ದು?"

ಕಾಕಾನ ಮನೆಗೆ ಬಂದ ಮೇಲೆ ನಮ್ಮ ಮನೆಯವರು ಕೂಗಾಡಿದರು. "ಮನಿ ಬಾಗಿಲಿಗಿ ಬಂದ ಲಕ್ಷ್ಮೀನ ಹೊರಗ ಕಳಿಸಿದೆಲ್ಲ ಕಾಕಾ!"

"ಅಲ್ಲಿ ಗಾಳಿ ಭಾಳದಪಾ, ಹಿಟ್ಟು ಹಾರ್ತದ."

"ಬಾಗಲಾ ಹಾಕ್ಕೊಂಡು ಬೀಸಬೇಕು."

"ಹೆಣ್ಮಕ್ಕಳು ಜ್ವಾಳ ಹೊತ್ಕೊಂಡು ಅಷ್ಟು ದೂರ ಬರ್ತಾರೇನು?"

"ಆಟೋ ಇಲ್ಲೇನು ಊರಾಗ?"

ಕಾಕಾ ಸೋತರು. ನನ್ನ ಕಡೆ ತಿರುಗಿ, ಕಿವಿ ಮಂದ ಇದ್ದವರು ಸಣ್ಣಗೆ ಮಾತಾಡಲು ಹೋದಾಗ ಹೇಗೋ ಹಾಗೆ, ಇಡೀ ಮನೆಗೆ ಕೇಳುವಷ್ಟು ಸಣ್ಣಗೆ ಹೇಳಿದರು:

"ನೋಡವ್ವಾ, ನಾ ಮಧ್ಯಾಹ್ನ ಗಿರಣಿ ನಿಂದ್ರಸ್ತೀನಿ. ಸಪ್ಪಳ ನಿಂತದ್ದು ಕೇಳಿ ನಿಮ್ಮ ಚಿಗವ್ವ ರೊಟ್ಟಿ ಹಂಚಿಗಿ ಹಾಕ್ತಾಳ. ನಾ ಕೈಕಾಲು ತೊಳಕೊಂಡು ಕುಂಡ್ರೂದ್ರಾಗ ರೊಟ್ಟಿ ಉಬ್ಬಿರ್ತದ. ಲಗ್ನ ಆದಾಗಿಂದ 'ಊಟಕ್ಕ ನೀಡು' ಅಂತ ಒಮ್ಮಿನೂ ಅಂದಿಲ್ಲ ನಾ. ಆ ಬಯಲಾಗ ಗಿರಣಿ ನಿಂತ್ರ ಯಾರಿಗಿ ಗೊತ್ತಾಗ್ತದವ್ವಾ?"

ಅಡುಗೆಮನೆಯಿಂದ ಚಿಗವ್ವನ ದನಿ ಬಂತು. "ಐದು ವರ್ಷದ ಮಾಫಿ ಬಿಟ್ಟು ಬಿಸಿ ರೊಟ್ಟಿ ಬೇಕಂತ! ಹಿಂತಾ ಮನಿಷ್ಯಾನ ಎಲ್ಲ್ಯರ ನೋಡೀರೇನವ್ವಾ?" ಬೈಗುಳ ಜೋರಾಗಿಯೇ ಶುರುವಾಗಿತ್ತು; ಕೊನೆಗೆ ಬರುವಷ್ಟರಲ್ಲಿ ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು.

ಇನ್ನು ಪೂರ್ತಿ ತೆರಿಗೆ ಕಟ್ಟಬೇಕು. ಸಂಜೆ ಕಾಕಾ ಎಂದಿನಂತೆ ಗಿರಣಿ ಹಚ್ಚಿದರು. ಊಟ ಎಲ್ಲರದೂ ಅವರ ಮನೆಯಲ್ಲೇ ಆಯಿತು. ಹಂಚಿನಿಂದ ನೇರ ತಾಟಿಗೆ ಬಂದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಮೊದಲು ನಿದ್ದೆ ಹೋದವರು ಕಾಕಾ, ಕುಳಿತಲ್ಲೇ ಗೋಡೆಗೆ ಒರಗಿ. ಚಿಗವ್ವ ಹೋಗಿ ಅವರ ಹುಬ್ಬಿನ ಮೇಲಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದರು. ಕಾಕಾನಿಗೆ ಎಚ್ಚರವಾಗಲಿಲ್ಲ.