ಹದಿನೈದು ಚೆಂಡು, ಒಂದು ಫೈಲು

ಆಟ ಯಾವುದು, ಕ್ರೀಡೆ ಯಾವುದು ಎಂದು ಜನ ಜಗಳವಾಡುವುದು ನಿಂತಿಲ್ಲ, ನಿಲ್ಲುವ ಲಕ್ಷಣವೂ ಇಲ್ಲ. ಈಗ ನಾನಿರುವುದು ಜಬಲ್‌ಪುರದಲ್ಲಿ, ಮಗಳ ಜೊತೆ. ಹೋದ ತಿಂಗಳು ನಮ್ಮ ಕಟ್ಟಡದ ಕೆಳಗೆ ಒಂದು ಪೂಲ್ ಟೇಬಲ್ ತಂದಿಟ್ಟರು. ಆ ಕೋಣೆಯ ಕೀಲಿ ಕ್ರೀಡಾ ಸಮಿತಿಯವರ ಬಳಿ ಇರಬೇಕೋ, ಮನರಂಜನಾ ಸಮಿತಿಯವರ ಬಳಿ ಇರಬೇಕೋ ಎಂದು ದೊಡ್ಡವರೆಲ್ಲ ಸೇರಿ ಎರಡು ತಾಸು ಹಿಂದಿಯಲ್ಲಿ ಕೂಗಾಡಿದರು. ಕೂತಲ್ಲಿ ಕೂರುವುದು ನನಗೆ ಹುಟ್ಟಿನಿಂದಲೇ ಆಗದು. ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ಮಗಳು ಸೆರಗು ಜಗ್ಗಿ ಕೂರಿಸಿದಳು. ಅವಳಿಗೇನು ಗೊತ್ತು? ಇದೇ ಜಗಳದ ಫೈಲನ್ನು ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ಕೂಡ್ಲಿಗಿಯಲ್ಲಿ ಒಂದು ವರ್ಷ ಎದೆಗವಚಿಕೊಂಡು ಓಡಾಡಿದವಳು.

ಒಂದೇ ಕಣ್ಣಿನ ಗೆಲುವು

ಆಗ ನಾನು ಒಂದು ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟು. ಯಾವ ಇಲಾಖೆ ಎಂದು ಹೇಳುವುದಿಲ್ಲ, ಫೈಲುಗಳು ಮಲಗುವ ಇಲಾಖೆ ಎಂದರೆ ಸಾಕು. ಆಫೀಸಿನ ಹಿಂದೆಯೇ ಅಧಿಕಾರಿಗಳ ಕ್ಲಬ್ಬು. ಅದರಲ್ಲಿ ಮದ್ರಾಸು ಸರ್ಕಾರದ ಕಾಲದ ದೊಡ್ಡ ಬಿಲಿಯರ್ಡ್ಸ್ ಮೇಜು. ಅದರ ಮೂಲ ಚೆಂಡುಗಳು ಎಂದೋ ಕಳೆದುಹೋಗಿ, ಯಾರೋ ತಂದುಕೊಟ್ಟ ಹದಿನೈದು ಬಣ್ಣದ ಚೆಂಡುಗಳಲ್ಲಿ ಪೂಲ್ ಆಡುತ್ತಿದ್ದರು. ಒಂದು ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು ಬಣ್ಣದವನ್ನು ತೂತಿಗೆ ಬೀಳಿಸಬೇಕು. ಎಂಟು ಬೀಳಿಸಿದವನು ಗೆದ್ದ. ಬೀಳಿಸುತ್ತಾ ಇರುವವರೆಗೆ ಸರದಿ ಅವನದೇ.

ಮೇಜು ಒರೆಸಲು, ಚೆಂಡು ಜೋಡಿಸಲು, ಎಣಿಸಲು ಒಬ್ಬ ಇದ್ದ. ಮಾರ್ಕರ್ ಎನ್ನುತ್ತಿದ್ದರು. ಕುರಿ ಸಾಕುವ ಮನೆಯವನು, ಮೂವತ್ತು ದಾಟಿದವನು, ಹದಿನಾಲ್ಕು ವರ್ಷದಿಂದ ಹಂಗಾಮಿ. ಜೊತೆಗೆ ಆಡುವವರು ಇಲ್ಲದಾಗ ಸಾಹೇಬರ ಜೊತೆ ಆಡುವುದೂ ಅವನ ಕೆಲಸ. ಆಡುವುದು ಎಂದರೆ ಸೋಲುವುದು. ಸುಮ್ಮನೆ ಸೋಲುವ ಹಾಗಿಲ್ಲ, ಸಾಹೇಬರಿಗೆ ಕಷ್ಟಪಟ್ಟು ಗೆದ್ದೆ ಎನಿಸಬೇಕು. ಹೀಗಾಗಿ ದಿನವೂ ಎಂಟು–ಏಳರಲ್ಲಿ ಸೋಲುತ್ತಿದ್ದ.

ಒಮ್ಮೆ ನಮ್ಮ ಸಾಹೇಬರಿಗೆ ಕಣ್ಣುಕುಟಿಗೆ ಆಗಿ ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡಿತ್ತು. ಆವತ್ತೂ ಆಡಿದರು, ಆವತ್ತೂ ಎಂಟು–ಏಳು. ಆಫೀಸಿಗೆ ಬಂದು, "ಒಂದ ಕಣ್ಣಿಲೆ ಗೆದ್ದೆ ನೋಡ್ರಿ!" ಎಂದು ಎದೆ ಉಬ್ಬಿಸಿದರು.

ಸಂಜೆ ಮಾರ್ಕರನನ್ನು ಕೇಳಿದೆ, "ಏನೋ ಇದು?"

ಅವನು ಹಣೆ ಒರೆಸಿಕೊಂಡ. "ಅಕ್ಕಾರ, ಒಂದು ಕಣ್ಣಿದ್ದಿದ್ದಕ್ಕ ಹೆಂಗೋ ಸೋತೆ. ಎರಡೂ ಮುಚ್ಚಿದ್ರ ಭಾಳ ತ್ರಾಸ ಆಗ್ತಿತ್ತ್ರಿ."

ಬೆವರಿನ ಪರೀಕ್ಷೆ

ಆ ವರ್ಷ ಅಟೆಂಡರ್ ಕೆಲಸಕ್ಕೆ ಅರ್ಜಿ ಕರೆದರು. ವಯಸ್ಸಿನ ಮಿತಿ ಅವನಿಗೆ ಅದೇ ವರ್ಷ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಖಾಯಂ ನೌಕರಿಯ ಮಾತೇ ಇಲ್ಲ. ಅವನ ಹೆಂಡತಿ ನಾನು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ದಿನವೂ ನಿಂತಿರುತ್ತಿದ್ದಳು. "ಅಕ್ಕಾರ, ಕಾಗದ ಬಂತೇನ್ರಿ?" ಅಷ್ಟೇ ಕೇಳುವಳು. ನನಗೆ ರಾತ್ರಿ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ತಪ್ಪು ನನ್ನದೂ ಇತ್ತು. ಅರ್ಜಿ ಟೈಪು ಮಾಡಿದವಳು ನಾನು. 'ಕ್ರೀಡಾ ಸಾಧನೆ' ಎಂಬ ಒಂದು ಕಲಂ ಇತ್ತು, ಅದು ಇದ್ದವರಿಗೆ ಆದ್ಯತೆ. ಖಾಲಿ ಬಿಡಲು ಕೈ ಬರಲಿಲ್ಲ. 'ಪೂಲ್: ಸುತ್ತಿನ ಐದು ಊರುಗಳಲ್ಲಿ ಇವನನ್ನು ಮೀರಿಸುವವರಿಲ್ಲ' ಎಂದು ಹೊಡೆದುಬಿಟ್ಟೆ. ಮೇಲಿನ ಆಫೀಸಿನಿಂದ ಪ್ರಶ್ನೆ ಬಂತು: ಪೂಲ್ ಎಂಬುದು ಕ್ರೀಡೆಯೋ, ಬರೀ ಆಟವೋ? ತಜ್ಞರ ವರದಿ ಕಳಿಸಿ.

ಊರಲ್ಲಿ ತಜ್ಞರೆಂದರೆ ಹೈಸ್ಕೂಲಿನ ಡ್ರಿಲ್ ಮಾಸ್ತರು. ಸೀಟಿ ಕೊರಳಿಗೆ ಹಾಕಿಕೊಂಡೇ ಬಂದರು. "ಮೇಡಮ್ಮಾರ, ಭಾಳ ಸರಳ ಐತ್ರಿ. ಬೆವರು ಬಂದ್ರ ಕ್ರೀಡಾ, ಬರಲಿಲ್ಲಂದ್ರ ಆಟ."

ಯುಗಾದಿ ಮುಗಿದ ಮೇಲಿನ ಮಟಮಟ ಮಧ್ಯಾಹ್ನ. ಕ್ಲಬ್ಬಿನ ಕಿಟಕಿ ತೆಗೆದರೆ ಒಲೆಯ ಬಾಯಿ ತೆಗೆದಂತೆ. ಮಾರ್ಕರ್ ಒಬ್ಬನೇ ಒಂದು ತಾಸು ಆಡಿದ. ಮಾಸ್ತರು, ನಮ್ಮ ಸಾಹೇಬರು, ನಾನು ಬೆಂಚಿನ ಮೇಲೆ. ತಾಸು ಮುಗಿದಾಗ ಮಾಸ್ತರ ಬನಿಯನ್ನು ಹಿಂಡಿದರೆ ಒಂದು ಚೆಂಬು ತುಂಬುವಂತಿತ್ತು. ಸಾಹೇಬರ ಕನ್ನಡಕ ಮೂಗಿನಿಂದ ಜಾರಿ ಎರಡು ಸಲ ಬಿತ್ತು. ನನ್ನ ಕುಂಕುಮ ಮೂಗಿನವರೆಗೆ ಇಳಿದಿತ್ತು. ಮಾರ್ಕರನ ಹಣೆ ಮಾತ್ರ ಒಣ ರೊಟ್ಟಿ.

"ಯಾಕಲೇ, ನಿನಗ ಬೆವರ ಬರಂಗಿಲ್ಲೇನು?" ಎಂದು ಮಾಸ್ತರು ರೇಗಿದರು.

"ಹಸಿರು ಬಟ್ಟಿ ಮ್ಯಾಲ ಹನಿ ಬಿದ್ರ ಕಲಿ ಬೀಳ್ತತ್ರಿ ಸರ. ಆಡೂವಾಗ ಬೆವರಬಾರ್ದು ಅಂತ ಹದಿನಾಲ್ಕು ವರ್ಷದಿಂದ ರೂಢಿ ಮಾಡೀನ್ರಿ."

ನಾನು ಕಣ್ಣಲ್ಲೇ ಬೇಡಿಕೊಂಡೆ. ಮಾಸ್ತರು ಪ್ರಾಮಾಣಿಕರು, ಕಂಡದ್ದನ್ನೇ ಬರೆದುಕೊಟ್ಟರು. 'ಪೂಲ್ ಆಡುವುದು ಆಟ. ಪೂಲ್ ನೋಡುವುದು ಕ್ರೀಡೆ.'

ಮೈದಾನಕ್ಕೆ ಹೊರಟ ಮೇಜು

ಆ ವರದಿಗೆ ಮೇಲಿನವರು ಇನ್ನೊಂದು ಪ್ರಶ್ನೆ ಕಳಿಸಿದರು: ಕ್ರೀಡೆಯಾದಲ್ಲಿ ಇದನ್ನು ಮೈದಾನದಲ್ಲಿ ಆಡಲಾಗುವುದೇ? ಭಾವಚಿತ್ರ ಲಗತ್ತಿಸಿ.

ನಮ್ಮ ಸಾಹೇಬರು ಕೈಕಟ್ಟಿ ಕೂರುವವರಲ್ಲ. "ಒಂದ ದಿವಸ ಮೈದಾನದಾಗ ಆಡಿಸಿ ಫೋಟೋ ತಗಸೂಣು, ಮುಗೀತು" ಎಂದರು. ಆ ಮೇಜಿನ ಹಸಿರು ಬಟ್ಟೆಯ ಕೆಳಗೆ ಇರುವುದು ಹಲಗೆಯಲ್ಲ, ದಪ್ಪ ಕಲ್ಲಿನ ಚಪ್ಪಡಿ ಎಂಬುದು ಎತ್ತಲು ಹೋದಾಗಲೇ ಎಲ್ಲರಿಗೂ ತಿಳಿದದ್ದು. ಮಾರ್ಕರ್ ತನ್ನ ಊರಿನಿಂದ ಅಣ್ಣತಮ್ಮಂದಿರನ್ನು, ಮಾವಂದಿರನ್ನು ಕರೆಸಿದ. ಕಂಬಳಿ ಹೆಗಲ ಮೇಲೆ ಹಾಕಿಕೊಂಡೇ ಹದಿನಾರು ಮಂದಿ ಬಂದರು.

"ಇದರೊಳಗ ಯಾವ ದ್ಯಾವರು ಅದಾನಲೇ?" ಎಂದ ಅವನ ದೊಡ್ಡಪ್ಪ.

"ದ್ಯಾವರಲ್ಲೋ ದೊಡ್ಡಪ್ಪ, ನನ್ನ ನೌಕರಿ ಐತಿ. ಎತ್ತು!"

ಅವರು ಎತ್ತಿದರು. ಹತ್ತು ಹೆಜ್ಜೆ ನಡೆಯುವುದು, ಇಳಿಸುವುದು. ನಾನು ಕೊಡೆ ಹಿಡಿದು ಹಿಂದೆ ಮುಂದೆ ಓಡಾಡುತ್ತಾ, "ಬಲಕ್ಕ, ಬಲಕ್ಕ!" ಎಂದು ಯಾರೂ ಕೇಳದಿದ್ದರೂ ಕೂಗುತ್ತಿದ್ದೆ. ಹೈಸ್ಕೂಲಿನ ಮೈದಾನ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಎರಡು ಕಾಲು ಎರೆಮಣ್ಣಿನಲ್ಲಿ ಇಳಿದು ಮೇಜು ಒಂದು ಮಗ್ಗುಲಿಗೆ ಬಾಗಿತು. ಚೆಂಡು ಜೋಡಿಸಿದ್ದೇ ತಡ, ಯಾರೂ ಕೋಲು ಮುಟ್ಟುವ ಮೊದಲೇ ಹದಿನೈದೂ ಉರುಳಿ ಒಂದೇ ಮೂಲೆಗೆ ಹೋದವು.

ಹರಪನಹಳ್ಳಿ ಕಡೆಯ ಫೋಟೋಗ್ರಾಫರ್ ಕಪ್ಪು ಬಟ್ಟೆಯೊಳಗಿನಿಂದ ತಲೆ ಹೊರಗೆ ಹಾಕಿದ. "ಯಾರ್ ಸಾರ್ ಹೊಡ್ದಿದ್ದು? ಸಖತ್ತಾಗಿ ಹೊಡ್ದ್ರು ಕಣ್ರೀ!"

ಇನ್ನೊಮ್ಮೆ ಹೊಡೆಸಿ ತೆಗೆಯುವುದಕ್ಕೆ ಯಾರಲ್ಲೂ ತ್ರಾಣವಿರಲಿಲ್ಲ. ಇದ್ದದ್ದನ್ನೇ ತೆಗೆದ. ಫೋಟೋದಲ್ಲಿ ನಡುವೆ ಓರೆಯಾದ ಮೇಜು, ಸುತ್ತ ಅಂಗಾತ ಬಿದ್ದ ಹದಿನಾರು ಮಂದಿ. ಮೇಜನ್ನು ಮರುದಿನ ಕ್ಲಬ್ಬಿಗೆ ವಾಪಸು ಹೊರಿಸಿ, ಆ ಫೋಟೋವನ್ನೇ 'ಪೂಲ್ ಆಟಗಾರರು' ಎಂದು ಬರೆದು ಕಳಿಸಿದೆವು.

ಮೇಲಿನ ಆಫೀಸಿನಿಂದ ಮರುಟಪಾಲಿನಲ್ಲಿ ಬಂತು: 'ಇಷ್ಟು ಅಪಾಯಕಾರಿಯಾದ ಕ್ರೀಡೆಯನ್ನು ಆಡಲು ನೌಕರರಿಗೆ ಅನುಮತಿ ಕೊಟ್ಟವರು ಯಾರು?'

ಹಡಗಲಿಯಲ್ಲಿ ಇಬ್ಬರು ಪಂಡಿತರು

ಸಾಹೇಬರು ಅದಕ್ಕೇನೋ ಸಮಜಾಯಿಷಿ ಬರೆದರು. ಆಗ ಮೇಲಿನವರು ಹೊಸ ಮಾತು ತೆಗೆದರು: ಆತ ಎಲ್ಲಾದರೂ ಗೆದ್ದ ಪ್ರಮಾಣಪತ್ರ ಇದೆಯೇ? ಎಲ್ಲಿಂದ ಬರಬೇಕು? ಹದಿನಾಲ್ಕು ವರ್ಷ ಸೋತವನು.

ಹಡಗಲಿ ಕ್ಲಬ್ಬಿಗೆ ಪತ್ರ ಬರೆದು ಪಂದ್ಯ ಗೊತ್ತು ಮಾಡಿದೆವು. ಹಡಗಲಿ ನನ್ನ ಸೀಮೆ. ಹುಟ್ಟಿದ್ದು ಅಲ್ಲೇ ಹತ್ತಿರ, ಹೊಳೆದಂಡೆಯ ಮಾಗಳದಲ್ಲಿ. ನಾನು, ಮಾರ್ಕರ್, ಅವನ ಹೆಂಡತಿ, ಮೂವರೂ ಬೆಳಗಿನ ಬಸ್ಸಿಗೆ ಹೋದೆವು. ಅಲ್ಲಿಯ ಅಧಿಕಾರಿಗಳು ಮಾರ್ಕರನ ಜೊತೆ ಆಡಲು ಒಪ್ಪದೆ, ತಮ್ಮ ಕ್ಲಬ್ಬಿನ ಮಾರ್ಕರನನ್ನೇ ಎದುರಿಗೆ ನಿಲ್ಲಿಸಿದರು. ಅವನೂ ಸೋಲುವುದರಲ್ಲಿ ಹದಿನೆಂಟು ವರ್ಷ ಪಳಗಿದವನು.

ಶುರುವಾಯಿತು ನೋಡಿ. ಇವನು ಹೊಡೆದ ಚೆಂಡು ತೂತಿನ ತುಟಿಗೆ ಬಂದು ನಿಲ್ಲುತ್ತದೆ. ಅವನು ಹೊಡೆದದ್ದು ಅದರ ಪಕ್ಕ ಬಂದು ನಿಲ್ಲುತ್ತದೆ.

"ಭೇಷ್! ಸ್ವಲ್ಪದಾಗ ತಪ್ತು ನೋಡ್ರಿ" ಎಂದು ಇವನು.

"ಏ, ನಿಮ್ಮ ಹೊಡತದ ಮುಂದ ನಮ್ಮದೇನ್ರಿ" ಎಂದು ಅವನು.

ಕೈ ತಪ್ಪಿ ಒಂದು ಬಿದ್ದರೆ ಬೀಳಿಸಿದವನು ಕ್ಷಮೆ ಕೇಳುತ್ತಿದ್ದ. ಹತ್ತು ಗಂಟೆಗೆ ಶುರುವಾದದ್ದು ನಾಲ್ಕಕ್ಕೆ ಏಳು–ಏಳು. ಕೊನೆಯ ಚೆಂಡು ಮೂಲೆಯ ತೂತಿನ ಅಂಚಿನಲ್ಲಿ ನಿಂತಿತ್ತು, ಉಸಿರು ಬಿಟ್ಟರೆ ಬೀಳುವಂತೆ. ಅದನ್ನು ಬೀಳಿಸದಂತೆ ಹೊಡೆಯುವುದಕ್ಕೆ ಎಂಥ ಕೈಚಳಕ ಬೇಕು, ಯೋಚಿಸಿ! ಇಬ್ಬರೂ ಅದನ್ನು ಮುಕ್ಕಾಲು ತಾಸು ಸಾಧಿಸಿದರು. ಐದು ಗಂಟೆಯ ಬಸ್ಸು ತಪ್ಪಿದರೆ ಊರಿಲ್ಲ. ನಾನು ಗಡಿಯಾರ ನೋಡುವುದು, ಬಾಗಿಲಿಗೆ ಹೋಗುವುದು, ಬರುವುದು.

ಕಡೆಗೆ ನಮ್ಮ ಮಾರ್ಕರನ ಹೆಂಡತಿಗೆ ತಡೆಯಲಿಲ್ಲ. ಗಂಡನ ಎದುರು ಎಂದೂ ದನಿ ಎತ್ತದವಳು ಕಿಟಕಿಯಿಂದ ಚೀರಿದಳು. "ಅವರೇನ್ ಸಾಹೇಬರಲ್ರೀ! ನಿಮ್ಮಂಗ ಮೇಜು ಒರೆಸೋರು! ಹೊಡೀರಿ!"

ಇವನು ಬೆಚ್ಚಿಬಿದ್ದ. ಕೋಲು ಅಲುಗಿತು, ಚೆಂಡು ಬಿತ್ತು.

ಹಡಗಲಿಯ ಮಾರ್ಕರ್ ಬಂದು ಇವನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. "ಅಣ್ಣಾರ, ಹದಿನೆಂಟು ವರ್ಷದಾಗ ನನಗ ಸೋಲಾಕ ಇಷ್ಟು ಕಷ್ಟ ಕೊಟ್ಟೋರು ನೀವೊಬ್ಬರ ನೋಡ್ರಿ."

ದೊಡ್ಡ ಸಾಹೇಬರ ತೀರ್ಪು

ಪ್ರಮಾಣಪತ್ರವೇನೋ ಸಿಕ್ಕಿತು. ಮೂಲ ಪ್ರಶ್ನೆ ಹಾಗೇ ಉಳಿಯಿತು. ವರ್ಷ ಮುಗಿಯಲು ಹತ್ತು ದಿನ ಇದ್ದಾಗ ಮೇಲಿನ ಆಫೀಸಿನ ದೊಡ್ಡ ಸಾಹೇಬರು ತಪಾಸಣೆಗೆಂದು ಬಂದರು. ಮೈಸೂರು ಕಡೆಯವರು, ಒಳ್ಳೆಯವರು. ಫೈಲು ತೆರೆದು, ನನ್ನನ್ನು ಎದುರಿಗೆ ಕೂರಿಸಿಕೊಂಡು ನಕ್ಕರು.

"ಏನಮ್ಮಾ ಇದು? ನಾನೂ ಪೂಲ್ ಆಡ್ತೀನಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೋದ ಕಡೆಯೆಲ್ಲ ಆಡಿದೀನಿ. ಒಂದು ದಿನಾನೂ ಸೋತಿಲ್ಲ. ಅಭ್ಯಾಸ ಬೇಡ, ಶ್ರಮ ಬೇಡ. ಇದು ಯಾವ ಸೀಮೆ ಕ್ರೀಡೆ?" ಎಂದು ಪೆನ್ನಿನ ಮುಚ್ಚಳ ತೆಗೆದರು.

ನಾನು ಎದ್ದು ನಿಂತೆ. "ಸಾರ್, ನಮ್ಮ ಕೂಡ್ಲಿಗಿಯಲ್ಲಿ ನೀವು ಆಡಿಲ್ಲ. ಒಂದು ಸಲ ಆಡಿ ಆಮೇಲೆ ಬರೆಯಿರಿ."

ಕ್ಲಬ್ಬಿನ ಹಿತ್ತಲಲ್ಲಿ ಮಾರ್ಕರನಿಗೆ ವಿಷಯ ಹೇಳಿದೆ. ಅವನು ಮೇಜು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. "ಅಕ್ಕಾರ, ಗೆದ್ರ ಸಾಹೇಬ್ರು ಸಿಟ್ಟಿಗೇಳ್ತಾರ. ಸೋತ್ರ ಆಟ ಅಂತ ಬರೀತಾರ. ಸಮಾಸಮ ಮಾಡ್ಲೇನ್ರಿ?"

"ಹದಿನೈದು ಚೆಂಡಿನಾಗ ಸಮ ಹೆಂಗ ಮಾಡ್ತೀಯೋ ಮಾರಾಯ?"

ಅವನ ಹೆಂಡತಿ ಬಾವಿಕಟ್ಟೆಯ ಬಳಿ ನಿಂತಿದ್ದವಳು ತಣ್ಣಗೆ ಹೇಳಿದಳು. "ಇವತ್ತ ಸೋತ್ರ ಮನಿಗೆ ಬರಬ್ಯಾಡ್ರಿ. ಹಂಗ ಕುರಿ ಹಿಂದ ಹೋಗಿಬಿಡ್ರಿ."

ಆಟ ಶುರು. ದೊಡ್ಡ ಸಾಹೇಬರು ಮೊದಲು ಹೊಡೆದರು, ಒಂದು ಬಿತ್ತು. "ನೋಡಿದ್ರಾ, ಏನಿದೆ ಇದ್ರಲ್ಲಿ?" ಎಂದರು. ಎರಡನೆಯದು ತಪ್ಪಿತು. ಮಾರ್ಕರನ ಸರದಿ. ಬಗ್ಗಿದ, ಕಿಟಕಿಯ ಕಡೆ ನೋಡಿದ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

ಹೊಡೆದ. ಬಿತ್ತು. ಇನ್ನೊಂದು ಬಿತ್ತು. ಮೂರು, ನಾಲ್ಕು. ಹದಿನಾಲ್ಕು ವರ್ಷ ಒಳಗೇ ಕಟ್ಟಿಟ್ಟದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂದಂತೆ ಹೊಡೆದ. ಎಂಟಕ್ಕೆ ಗೆದ್ದಾಗಿತ್ತು, ಅವನಿಗೆ ನೆನಪೇ ಇಲ್ಲ. ದೊಡ್ಡ ಸಾಹೇಬರು ಕೋಲು ಹಿಡಿದು ಅವನಿಗೆ ದಾರಿ ಬಿಡುತ್ತಾ ಮೇಜಿನ ಸುತ್ತ ಪ್ರದಕ್ಷಿಣೆ ಹಾಕಿದರು. ನಮ್ಮ ಸಾಹೇಬರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಹದಿನಾಲ್ಕೂ ಮುಗಿದ ಮೇಲೆ ಮೇಜಿನ ಮೇಲೆ ಬಿಳಿ ಚೆಂಡು ಒಂದೇ. ಮಾರ್ಕರನಿಗೆ ಆಗ ಎಚ್ಚರವಾಯಿತು. ಗಾಬರಿಯಲ್ಲಿ, ಹದಿನಾಲ್ಕು ವರ್ಷದ ರೂಢಿಯಂತೆ ಕೈಮುಗಿದು, "ಭಾಳ ಚಲೋ ಆಡಿದ್ರಿ ಸಾಹೇಬ್ರ" ಎಂದುಬಿಟ್ಟ.

ನಾನು ಬಾಗಿಲಿಗೆ ಹೋಗಿ ಬಂದೆ. ದೊಡ್ಡ ಸಾಹೇಬರು ಕೋಲನ್ನು ಮೂಲೆಗೆ ಒರಗಿಸಿ, ಕುರ್ಚಿಯಲ್ಲಿ ಕೂತು ಒಂದು ಲೋಟ ನೀರು ಪೂರ್ತಿ ಕುಡಿದರು. ಆಮೇಲೆ ಫೈಲು ತರಿಸಿದರು.

ಅವರ ಸಹಿ ಬಿದ್ದ ವಾರದೊಳಗೆ ಅವನ ಕೈಗೆ ಖಾಯಂ ಆದೇಶ ಬಂತು, ಹೆಂಡತಿ ನನ್ನ ದಾರಿಯಲ್ಲಿ ನಿಲ್ಲುವುದನ್ನು ಬಿಟ್ಟಳು. ಆದರೆ ಆವತ್ತು ಸಹಿ ಹಾಕುವ ಮೊದಲು ಅವರು ನನಗೆ ಬರೆಸಿದ ಸಾಲು ಇದು:

"ಬರ್ಕೊಳಿ ಅಮ್ಮಾ. ಕೂಲಂಕಷವಾಗಿ ಪರಿಶೀಲಿಸಲಾಗಿ, ಇದು ಕ್ರೀಡೆಯೇ ಹೌದು. ಬರೀ ಆಟ ಆಗಿದ್ದಿದ್ರೆ ನಾನು ಸೋಲ್ತಿರ್ಲಿಲ್ಲ."