ಗುಂಯ್ ಅನ್ನೋ ಮಿಕ್ಸರ್

ರಿಪೇರಿ ಕೆಲಸದಲ್ಲಿ ಯಂತ್ರಗಳು ನನ್ನನ್ನ ಅಷ್ಟಾಗಿ ಸತಾಯಿಸಿದ್ದಿಲ್ಲ. ಸತಾಯಿಸೋದೆಲ್ಲ ಅವುಗಳ ಸುತ್ತ ಇರೋ ಜನ. ಬೈಯಪ್ಪನಹಳ್ಳಿಯ ನಮ್ಮನೆ ಮುಂದಿನ ರೂಮಲ್ಲಿ ಕೂತು ಹಳೇ ರೇಡಿಯೋ, ಆಂಪ್ಲಿಫೈಯರ್ ಬಿಚ್ಚೋನು ನಾನು. ವಾರಕ್ಕೊಂದಾದ್ರೂ ಇಂಥದ್ದು ಗಂಟುಬೀಳುತ್ತೆ. ಹೋದ ಡಿಸೆಂಬರಲ್ಲಿ ಹಲಸೂರಿನ ಒಂದು ಭಜನೆ ಮಂದಿರದ ಮಿಕ್ಸರಿಗೆ ಕೈ ಹಾಕಿದೆ ನೋಡಿ, ಒಂದೇ ಕೆಲಸದಲ್ಲಿ ನಾಲ್ಕು ಸಲ ತಲೆ ಚಚ್ಕೊಂಡೆ.

೧. ಹೊಟ್ಟೆ ಆಪರೇಷನ್

ಮಿಕ್ಸರ್ ಅಂದ್ರೆ ಚಟ್ನಿ ರುಬ್ಬೋದಲ್ಲ. ನಾಲ್ಕೈದು ಮೈಕಿನ ಸದ್ದು ಕೂಡಿಸಿ ಸ್ಪೀಕರಿಗೆ ಕಳಿಸೋ ಯಂತ್ರ. ಇದು ನಲವತ್ತು ವರ್ಷ ಹಳೇದು, ಆನ್ ಮಾಡಿದ್ರೆ ಒಂದೇ ಸಮ ಗುಂಯ್ ಅನ್ನೋದು. ಮಂದಿರದ ಕಾರ್ಯದರ್ಶಿ ಕಡ್ಡಿ ಮುರಿದ ಹಾಗೆ ಹೇಳಿದ್ರು: "ಶನಿವಾರದ ಭಜನೆ ಹೊತ್ತಿಗೆ ಈ ಗುಂಯ್ ನಿಲ್ಲಬೇಕು. ಇಲ್ಲಾಂದ್ರೆ ಇದು ಗುಜರಿಗೆ."

ಪಕ್ಕದಲ್ಲಿದ್ದ ತಾತನ ಮುಖ ಸಣ್ಣಗಾಯ್ತು. ಅಲ್ಲಿ ಭಜನೆ ಹೇಳಿಕೊಡೋರು ಅವರು, ಆ ಮಿಕ್ಸರ್ ತಂದೋರೂ ಅವರೇ. ದಿನಾ ಒರೆಸಿ, ಶಾಲು ಹೊದಿಸಿ ಇಡೋರು.

"ಗಾಬರಿ ಬೇಡ ತಾತ. ಒಳಗಿರೋ ಟ್ರಾನ್ಸ್‌ಫಾರ್ಮರಿಂದಾನೇ ಈ ಸದ್ದು. ಅದಿರೋ ಪವರ್ ಸಪ್ಲೈ, ಅಂದ್ರೆ ಕರೆಂಟ್ ಕೊಡೋ ಭಾಗ, ಪೂರ್ತಿ ತೆಗೆದು ಆಚೆ ಒಂದು ಪೆಟ್ಟಿಗೇಲಿ ಹಾಕ್ತೀನಿ, ಉದ್ದ ಕೇಬಲ್ ಎಳೆದು ದೂರ ಇಡ್ತೀನಿ, ಅಷ್ಟೇ."

ತಾತ ಹೊಟ್ಟೆ ಸವರಿಕೊಂಡ್ರು. "ನನ್ನ ಪಿತ್ತಕೋಶ ತೆಗೆದ ಡಾಕ್ಟ್ರಾದ್ರೂ ಅದನ್ನ ಡಬ್ಬೀಲಿ ಹಾಕಿ ಪಕ್ಕದಲ್ಲಿ ಇಟ್ಕೋ ಅನ್ಲಿಲ್ಲಪ್ಪ."

೨. ಇಪ್ಪತ್ತು ತೂತು

ಪೆಟ್ಟಿಗೆಗೆ ಅಂತ ಶಿವಾಜಿನಗರದ ಒಂದು ಟ್ರಂಕಿನ ಅಂಗಡಿಗೆ ಹೋದೆ. ಚಿಕ್ಕದೊಂದು ಕಬ್ಬಿಣದ ಟ್ರಂಕು ಆರಿಸಿ, "ಎರಡೂ ಪಕ್ಕ ಇಪ್ಪತ್ತು ತೂತು ಹೊಡ್ಕೊಡಿ ಸಾಹೇಬ್ರೇ" ಅಂದೆ.

ಅಂಗಡಿ ಸಾಹೇಬ್ರು ಸುತ್ತಿಗೆ ಕೆಳಗಿಟ್ರು. "ಒಂದು ತೂತಿದ್ರೆ ಜನ ವಾಪಸ್ ತಂದು ಜಗಳ ಆಡ್ತಾರೆ ಸಾರ್. ನೀವು ಕೇಳಿ ಹೊಡಿಸ್ತೀರಾ?"

"ಒಳಗೆ ಬಿಸಿ ಆಗುತ್ತೆ, ಗಾಳಿ ಆಡ್ಬೇಕು."

"ಒಳಗೆ ಯಾರಿರ್ತಾರೆ?"

ಮತ್ತೆ ಟ್ರಾನ್ಸ್‌ಫಾರ್ಮರ್ ಪುರಾಣ ಬಿಚ್ಚೋಕೆ ಬೇಜಾರಾಗಿ, "ನೀವು ಹೊಡೀರಿ ಸಾಹೇಬ್ರೇ" ಅಂದೆ. ಅವರು ತೂತೇನೋ ಹೊಡೆದ್ರು. ಕೊಡುವಾಗ ಮಾತ್ರ ಹತ್ತಿರ ಬಂದು ದನಿ ತಗ್ಗಿಸಿದ್ರು: "ಇಲಿ ಬೋನು ಬೇಕಿತ್ತು ಅಂತ ಮೊದಲೇ ಹೇಳ್ಬಾರ್ದಾ ಸಾರ್? ನಾಚಿಕೆ ಯಾಕೆ, ಎಲ್ಲರ ಮನೇಲೂ ಇಲಿ ಇರುತ್ತೆ."

೩. ದೋಸೆ ಹಿಟ್ಟು

ಪವರ್ ಸಪ್ಲೈ ಟ್ರಂಕಿನೊಳಗೆ ಕೂರಿಸಿ, ಒಂದು ದಿನ ಪೂರ್ತಿ ತಡೆಯುತ್ತಾ ನೋಡೋಣ ಅಂತ ಮನೇಲೇ ಓಡೋಕೆ ಬಿಟ್ಟಿದ್ದೆ. ಶುಕ್ರವಾರ ಬೆಳಿಗ್ಗೆ ನೋಡ್ತೀನಿ, ಮುಚ್ಚಳದ ಮೇಲೆ ಒಂದು ಪಾತ್ರೆ. ಪಾತ್ರೆ ಮೇಲಿನ ತಟ್ಟೆ ಎತ್ತಿ ನೋಡಿದ್ರೆ ದೋಸೆ ಹಿಟ್ಟು, ಕಂಠದವರೆಗೂ ಉಬ್ಬಿಕೊಂಡು ಕೂತಿದೆ.

"ಏನೇ ಇದು, ಕರೆಂಟ್ ಪೆಟ್ಟಿಗೆ ಮೇಲೆ ಹಿಟ್ಟು ಚೆಲ್ಲಿದ್ರೆ ಗತಿ ಏನು?" ಅಂತ ರೇಗಿದೆ.

ನನ್ನ ಹೆಂಡತಿ ಕಾವಲಿ ಕಾಯಿಸ್ತಾ ಇದ್ಲು. "ಈ ಚಳಿಗೆ ವಾರದಿಂದ ಹಿಟ್ಟು ಉಬ್ಬಿರ್ಲಿಲ್ಲ. ನಿಮ್ಮ ಪೆಟ್ಟಿಗೆ ಬೆಚ್ಚಗಿತ್ತು, ಇಟ್ಟೆ." ಬೈಯೋಣ ಅಂದ್ರೆ ಬಾಯ್ತುಂಬ ದೋಸೆ. ಎರಡನೇದು ಹಾಕುವಾಗ ಅವಳೇ ಅಂದ್ಲು: "ಮೂವತ್ತು ವರ್ಷದಲ್ಲಿ ನೀವು ಈ ಮನೆಗೆ ಉಪಯೋಗ ಆಗೋ ಹಾಗೆ ಮಾಡಿದ್ದು ಇದೊಂದೇ. ಅದನ್ನೂ ಹಲಸೂರಿಗೆ ಕೊಟ್ಬಿಡ್ತೀರಾ?"

೪. ಶನಿವಾರದ ಭಜನೆ

ಶನಿವಾರ ಸಂಜೆ ಮಿಕ್ಸರಿಂದ ದೂರ, ಮೂಲೇಲಿ ಟ್ರಂಕು ಇಟ್ಟು ಕೇಬಲ್ ಜೋಡಿಸಿ ಆನ್ ಮಾಡಿದೆ. ಗುಂಯ್ ಪೂರ್ತಿ ಮಾಯ. ಕಾರ್ಯದರ್ಶಿ ಸ್ಪೀಕರಿಗೆ ಕಿವಿ ಹಚ್ಚಿ ನೋಡಿ, "ಗುಜರಿ ಮಾತು ಬಿಟ್ಹಾಕಿ, ಇದು ಇಲ್ಲೇ ಇರ್ಲಿ" ಅಂದ್ರು. ತಾತನ ಕಣ್ಣಲ್ಲಿ ನೀರು. ನನಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ತಾತ ಹಾಡೋಕೆ ಶುರು ಮಾಡಿದ್ರು. ಮೊದಲ ಸಾಲು ಎಷ್ಟು ಕೆಳಗೆ ಹೋಯ್ತು ಅಂದ್ರೆ ಹೆಂಗಸರಿಗೆ ದನಿಯೇ ಎಟುಕಲಿಲ್ಲ. ನಿಲ್ಲಿಸಿ ಮತ್ತೆ ಎತ್ತಿದ್ರು, ಈ ಸಲ ಯಾರಿಗೂ ನಿಲುಕದಷ್ಟು ಮೇಲೆ. ತಬಲಾದವರು ಸುತ್ತಿಗೆ ಹಿಡ್ಕೊಂಡು ಒಂದ್ಸಲ ಏರಿಸ್ತಾರೆ, ಒಂದ್ಸಲ ಇಳಿಸ್ತಾರೆ. ತಾತ ಶ್ರುತಿಪೆಟ್ಟಿಗೆ ಇಟ್ಕೊಂಡೋರೇ ಅಲ್ಲ. ಶ್ರುತಿ ನನ್ನ ಕಿವೀಲೇ ಇದೆ ಅಂತ ಅವರಿಗೆ ಹೆಮ್ಮೆ. ಇಷ್ಟು ವರ್ಷ ಅವರ ಕಿವೀಲಿದ್ದ ಶ್ರುತಿ ಯಾವುದು ಅಂತ ಆಗ ನನಗೆ ಹೊಳೀತು. ಮಿಕ್ಸರಿನ ಗುಂಯ್ ಹಿಡ್ಕೊಂಡೇ ಅವರು ಹಾಡ್ತಾ ಇದ್ದದ್ದು, ಅದು ಅವರಿಗೂ ಗೊತ್ತಿಲ್ಲ.

"ನನಗೇನೋ ಆಗಿದೆ ಕಣಪ್ಪ. ಇನ್ನು ಹಾಡೋದು ಬಿಡ್ತೀನಿ" ಅಂದ್ರು ತಾತ ಮೆಲ್ಲಗೆ. ಮೂಲೇಲಿದ್ದ ಟ್ರಂಕು ಎತ್ಕೊಂಡು ಬಂದು ಮಿಕ್ಸರಿಗೆ ಒತ್ತಿಕೊಂಡ ಹಾಗೆ ಇಟ್ಟೆ. ಸ್ಪೀಕರಲ್ಲಿ ಸಣ್ಣಗೆ ಗುಂಯ್ ಬಂತು. ತಾತ ಕತ್ತೆತ್ತಿದ್ರು, ದನಿ ತೆಗೆದ್ರು. ಮಂದಿರವೆಲ್ಲ ಒಂದೇ ದನೀಲಿ ಹಾಡ್ತು.

ಅಷ್ಟರಲ್ಲಿ ಕಾರ್ಯದರ್ಶಿ ಎದ್ದು ನನ್ನ ಕಡೆಗೇ ಬಂದ್ರು. ಇವತ್ತು ನನ್ನ ಕಥೆ ಮುಗೀತು, ಮಿಕ್ಸರಿನ ಜೊತೆ ನನ್ನನ್ನೂ ಗುಜರಿಗೆ ಹಾಕ್ತಾರೆ ಅಂದ್ಕೊಂಡೆ. ಅವರು ಬಗ್ಗಿ ಕಿವೀಲಿ ಹೇಳಿದ್ರು:

"ಪೆಟ್ಟಿಗೇನ ಮಿಕ್ಸರ್ ಮೇಲೇನೇ ಹತ್ತಿಸ್ರೀ. ಹಿಂದೆ ಕೂತಿರೋ ಹೆಂಗಸರಿಗೆ ಗುಂಯ್ ಸರಿಯಾಗಿ ಕೇಳಿಸ್ತಿಲ್ಲವಂತೆ."