ಗಂಜಲದಲ್ಲಿ ನೆನೆದ ಹುರುಳಿ

ಕೊಟ್ಟಿಗೆಯ ಗೂಡಿನಲ್ಲಿ ಎರಡು ಕುಡಿಕೆ ಇರಬೇಕಿತ್ತು, ಒಂದೇ ಇತ್ತು. ಮಧ್ಯಾಹ್ನದ ಊಟಕ್ಕೆ ಬಂದ ಪಾಪಣ್ಣನ ಎದೆ ಗಿರಣಿಯ ಹರಿದ ಬೆಲ್ಟಿನ ಹಾಗೆ ಪಟಪಟ ಬಡಿದುಕೊಂಡಿತು.

ಹರಿಯಬ್ಬೆ ಊರಿನ ಗಿರಣಿಯಲ್ಲಿ ಹಿಟ್ಟು ಬೀಸುವ ಪಾಪಣ್ಣ ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತವನು. ಎಮ್ಮೆ ಗಬ್ಬವಾಗಿದ್ದರೆ ಅದರ ಗಂಜಲದಲ್ಲಿ ಏನೋ ಒಂದು ಸತ್ವ ಸೇರುತ್ತದೆ, ಅದರಲ್ಲಿ ನೆನೆಸಿದ ಕಾಳು ಮೊಳೆಯುವುದಿಲ್ಲ ಎಂದು ಅಲ್ಲಿನ ಮೇಷ್ಟ್ರು ಹೇಳಿದ್ದರು. ಅದನ್ನು ನಂಬಿ ಒಂದು ಕುಡಿಕೆಗೆ ನೀರು, ಇನ್ನೊಂದಕ್ಕೆ ಗಂಜಲ ಹಾಕಿ ಹುರುಳಿ ನೆನೆಸಿದ್ದ. ನೀರಿನದು ಸೊಗಸಾಗಿ ಮೊಳೆತಿತ್ತು. ಗಂಜಲದ್ದೇ ಮಾಯ.

ಎಮ್ಮೆ ಹೆಂಡತಿ ಈರಕ್ಕನ ತವರಿನದು. ಹಾಲು ಬತ್ತಿ ಬಹಳ ಕಾಲವಾಗಿತ್ತು. ಗಬ್ಬವಿಲ್ಲದಿದ್ದರೆ ಈ ದಿನವೇ ದನದ ವ್ಯಾಪಾರಿ ಉಸ್ಮಾನ್ ಸಾಬರ ಜೊತೆ ಸಂತೆಗೆ ಕಳಿಸುವುದೆಂದು ಪಾಪಣ್ಣ ಮಾತು ಕೊಟ್ಟಿದ್ದ. ಅವತ್ತಿನಿಂದ ಈರಕ್ಕ ಸರಿಯಾಗಿ ಉಂಡಿರಲಿಲ್ಲ. ಆ ಮನೆಯಲ್ಲಿ ‘ಗೊಡ್ಡು’ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಮದುವೆಯಾಗಿ ವರ್ಷಗಳು ಉರುಳಿದರೂ ತೊಟ್ಟಿಲು ಕಟ್ಟದ ಮನೆ ಅದು.

“ಲೇ ಈರಿ, ಇಲ್ಲಿದ್ದ ಕುಡಿಕೆ ಎಲ್ಲಿ?”

“ಮಲ್ಲಕ್ಕ ಬೆಂಕಿಗೆ ಅಂತ ಬಂದಿದ್ಲು. ಅವಳ ಕಣ್ಣಿಗೆ ಬಿದ್ದದ್ದು ಉಳಿದೀತಾ?” ಎಂದಳು ಈರಕ್ಕ, ಮುಖ ಕೊಡದೆ.

ಪಾಪಣ್ಣ ಪಕ್ಕದ ಮನೆಗೆ ಓಡಿದ. ಎಮ್ಮೆ ಹೊಡೆದುಕೊಂಡು ಹೋಗಲು ಬಂದ ಉಸ್ಮಾನ್ ಸಾಬರು ಮಲ್ಲಕ್ಕನ ಜಗಲಿಯ ಮೇಲೆ ಕೂತು, ಮುತ್ತುಗದ ಎಲೆಯಲ್ಲಿ ಬಿಸಿ ಗುಗ್ಗರಿ ತಿನ್ನುತ್ತಿದ್ದರು.

“ಬಾರಪ್ಪ ಪಾಪಣ್ಣ, ಕುಂತ್ಕ,” ಎಂದು ಮಲ್ಲಕ್ಕ ಅವನ ಮುಂದೆಯೂ ಒಂದು ಎಲೆ ಹಾಕಿದಳು. “ನಿಮ್ಮನೇದೇ ಕಾಳು. ನೆನೆ ಹಾಕಿ ಮರ್ತಿದ್ರಿ, ಕೆಟ್ಟು ಹೋಗ್ತಾವೆ ಅಂತ ನಾನೇ ತಂದೆ.”

ಪಾಪಣ್ಣ ಬಗ್ಗಿ ಎಲೆಯನ್ನು ಮೂಸಿದ. ನಿಜ ಹೇಳಿದರೆ ಮಲ್ಲಕ್ಕ ಒನಕೆ ಎತ್ತುತ್ತಾಳೆ, ಸಾಬರು ಬಾರುಕೋಲು ಎತ್ತುತ್ತಾರೆ.

“ಅಕ್ಕಾ, ಕಾಳು... ಮೊಳಕೆ ಒಡೆದಿದ್ವಾ?”

“ಮೊದ್ಲು ತಿನ್ನು, ಆಮೇಲೆ ಮಾತು. ನಾನು ಮಾಡಿದ್ದು ಅಂದ್ರೆ ಅಸಹ್ಯನಾ?”

ಪಾಪಣ್ಣ ಎರಡು ಕಾಳು ಬಾಯಿಗೆ ಹಾಕಿಕೊಂಡ. “ಈಗ ಹೇಳಕ್ಕ.”

“ಕೋಳಿ ಕುಕ್ಕಿದಂಗೆ ತಿಂತೀಯಲ್ಲೋ! ಎಲೆ ಖಾಲಿ ಮಾಡು.”

“ನಂಗಿನ್ನೊಂದು ಹಿಡಿ ಹಾಕಮ್ಮ,” ಎಂದರು ಸಾಬರು ಬೆರಳು ನೆಕ್ಕುತ್ತ. “ಅದೇನೋ ಬ್ಯಾರೇನೇ ರುಚಿ ಐತೆ.”

ಹರಳೆಣ್ಣೆ ಕುಡಿಯುವ ಮಗುವಿನಂತೆ ಕಣ್ಣು ಮುಚ್ಚಿ ಪಾಪಣ್ಣ ಎಲೆ ಖಾಲಿ ಮಾಡಿದ.

“ಮೊಳಕೆ ಎಲ್ಲಿ ಬಂತು?” ಎಂದಳು ಆಗ ಮಲ್ಲಕ್ಕ. “ಒಂದೂ ಒಡೆದಿರ್ಲಿಲ್ಲ. ನಾತ ಬ್ಯಾರೆ. ಅದಕ್ಕೇ ಬೆಳ್ಳುಳ್ಳಿ ಜಾಸ್ತಿ ಜಜ್ಜಿ ಹಾಕಿದ್ದು.”

ಒಂದೂ ಒಡೆದಿರಲಿಲ್ಲ! ಪಾಪಣ್ಣ ಖಾಲಿ ಎಲೆ ಮಡಚಿ ಎದ್ದು ನಿಂತ.

“ಸಾಬ್ರೇ, ಎಮ್ಮೆ ಕೊಡಲ್ಲ. ಗಬ್ಬ ಐತೆ.”

“ಯಾರು ಹೇಳಿದ್ರೋ? ದನದ ಡಾಕ್ಟ್ರು ಬಂದಿದ್ರಾ?”

“ಇಲ್ರಿ. ಗುಗ್ಗರಿ ತಿಂದ ಮ್ಯಾಲೆ ಗೊತ್ತಾಯ್ತು.”

ಸಾಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇವನಿಗೆ ಬಿಸಿಲು ನೆತ್ತಿಗೇರೈತೆ, ಒಂದಿಷ್ಟು ಮಜ್ಜಿಗೆ ಕೊಡಮ್ಮ. ಮಾತಿಗೆ ತಪ್ಪೋರ ಬಾಗಿಲಿಗೆ ಇನ್ನು ನಾನು ಬರಂಗಿಲ್ಲ,” ಎಂದು ಟವೆಲು ಕೊಡವಿ ಎದ್ದು ಹೋದರು.

ಪಾಪಣ್ಣ ಕೊಟ್ಟಿಗೆಗೆ ನುಗ್ಗಿದ. “ಈರಿ, ನಿನ್ನ ಎಮ್ಮೆ ಎಲ್ಲಿಗೂ ಹೋಗಲ್ಲ! ಗಂಜಲದ ಕಾಳು ಒಂದೂ ಮೊಳೆತಿಲ್ಲ! ಮಲ್ಲಕ್ಕ ಗುಗ್ಗರಿ ಮಾಡಿದ್ಲು, ನಾನೂ ತಿಂದು ಬಂದೆ!”

ಈರಕ್ಕ ಎಮ್ಮೆಯ ಕೊರಳಿಗೆ ಕೈ ಹಾಕಿ ನಿಂತಿದ್ದಳು. “ಹೆಂಗೆ ಮೊಳೆತಾವು? ನೀವು ಅತ್ತ ಗಿರಣಿಗೆ ಹೋಗಿದ್ದಾಗ ಆ ಕಾಳು ತೆಗೆದು ಹುರಿದಿದ್ದು ಹಾಕಿದ್ದೆ.”

ಪಾಪಣ್ಣ ಗೋದಲಿಯ ಅಂಚಿನಲ್ಲಿ ಕೂತ. “ಯಾಕೆ?”

“ಈಯಲಿಲ್ಲ ಅಂತ ಇದನ್ನ ಮನೆಯಿಂದ ಅಟ್ಟಿದ್ರೆ, ನಾನು ಯಾವ ಮುಖ ಇಟ್ಕಂಡು ಇಲ್ಲಿರ್ಲಿ?”

ಎಮ್ಮೆ ಕಿವಿ ಒದರಿ ಮೆಲುಕು ಹಾಕುತ್ತಿತ್ತು. ಅದರ ಹೊಟ್ಟೆ ನೋಡುತ್ತ ಪಾಪಣ್ಣ ಸಣ್ಣ ದನಿಯಲ್ಲಿ ಕೇಳಿದ:

“ಹಂಗಾದ್ರೆ ಗಬ್ಬ ಐತೋ, ಇಲ್ವೋ?”

“ನನ್ನ ಕೇಳಿದ್ರೆ? ಅದರ ಹೊಟ್ಟೆಯಾಗಿಂದು ಈಗ ನಿಮ್ಮ ಹೊಟ್ಟೆಯಾಗೈತೆ. ನೀವೇ ಹೇಳ್ರಿ.”